ಸುಳ್ಳು ಹೇಳುವ ಮುಳ್ಳುಗಳು

ಜ್ವರ ಬಂದ ಮನುಷ್ಯ ನರಳುತ್ತಾನೆ. ಹಸಿದ ಎತ್ತು ನೊಗಕ್ಕೆ ಹೆಗಲು ಕೊಡಲೊಲ್ಲೆ ಎನ್ನುತ್ತದೆ. ಮೋಟಾರು ಕಾರಿಗೆ ಮಾತ್ರ ನರಳುವ ಬಾಯಿಲ್ಲ. ಅದರ ಹಸಿವು, ಜ್ವರ, ನಾಡಿಯ ಬಡಿತಗಳನ್ನು ಚಾಲಕನಿಗೆ ತಿಳಿಸಲೆಂದೇ ಅದನ್ನು ಕಟ್ಟಿದವರು ಅವನ ಕಣ್ಣೆದುರಿಗೆ ನಾಲ್ಕಾರು ದುಂಡು ಮುಖದ ಮೀಟರುಗಳನ್ನು ಕೂರಿಸಿದರು. ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟಿದೆ, ಎಂಜಿನ್ನಿನ ನೀರು ಎಷ್ಟು ಕಾದಿದೆ, ಎಣ್ಣೆಯ ಒತ್ತಡ ಹೇಗಿದೆ, ಬ್ಯಾಟರಿಗೆ ವಿದ್ಯುತ್ತು ಸೇರುತ್ತಿದೆಯೋ ಸೋರುತ್ತಿದೆಯೋ, ಇವನ್ನೆಲ್ಲ ಒಂದೊಂದು ಮುಳ್ಳು ಹೇಳಬೇಕು. ಹೇಳುತ್ತದೆ ಕೂಡ. ಆದರೆ ಐವತ್ತು ಅರವತ್ತು ವರ್ಷ ವಯಸ್ಸಾದ ಕಾರಿನಲ್ಲಿ ಮುಳ್ಳು ಹೇಳಿದ್ದೆಲ್ಲ ನಿಜವೆಂದು ನಂಬಿ ಹೊರಟವರು ನಡುದಾರಿಯಲ್ಲಿ ನಿಂತರೆ ಆಶ್ಚರ್ಯವಿಲ್ಲ.

ಅಂಥ ಕಾರುಗಳು ಇಂದಿಗೂ ನಮ್ಮ ಊರುಗಳಿಂದ ಮರೆಯಾಗಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧರಿಸಿ, ಕಲ್ಕತ್ತೆಯ ಬಳಿಯ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗತೊಡಗಿದ ಅಂಬಾಸಡರ್ 2014ರವರೆಗೂ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಮುಂಬಯಿಯ ಫಿಯೆಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಹಡಗಿನಲ್ಲಿ ಬಂದಿಳಿದ ಮಾರಿಸ್ ಮೈನರ್, ಕೊಡಗಿನ ಕಾಫಿ ತೋಟಗಳ ಜೀಪು, ಇವುಗಳಲ್ಲಿ ಒಂದಾದರೂ ‘ತಾತನ ಕಾರು’ ಎಂಬ ಹೆಸರಿನಲ್ಲಿ ಹಳೆಯ ಮನೆಗಳ ಷೆಡ್ಡಿನಲ್ಲಿ ಉಳಿದಿರುವುದುಂಟು. ಮೊಮ್ಮಕ್ಕಳಿಗೆ ಅದನ್ನು ಮತ್ತೆ ರಸ್ತೆಗಿಳಿಸುವ ಹುಮ್ಮಸ್ಸು ಬರುತ್ತದೆ. ಎಂಜಿನ್ನು ಬಿಚ್ಚಿ ಕಟ್ಟಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ಹೊದಿಕೆ ಹೊಲಿಸುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದೆ ಇಣುಕಿ ನೋಡುವುದನ್ನು ಮಾತ್ರ ಕೊನೆಗೆ ಬಿಡುತ್ತಾರೆ. ಅಲ್ಲಿ ಬಣ್ಣಗೆಟ್ಟ ತಂತಿಗಳ ಗೋಜಲನ್ನು ಕಂಡವರಿಗೆ ಕೈ ಹಾಕುವ ಧೈರ್ಯ ಬಾರದಿರುವುದು ಸಹಜವೇ.

ಪೆಟ್ರೋಲಿನ ಮುಳ್ಳು ತಪ್ಪು ತೋರಿಸಿದೊಡನೆ ‘ಮೀಟರು ಕೆಟ್ಟಿತು’ ಎಂದು ತೀರ್ಮಾನಿಸಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇನ್ನೊಂದು ಮೀಟರನ್ನು ಹುಡುಕಿ ತರುವುದು ಸಾಮಾನ್ಯವಾದ ಪದ್ಧತಿ. ಹೊಸದನ್ನು ಕೂರಿಸಿದರೆ ಅದೂ ಅದೇ ಸುಳ್ಳನ್ನು ಹೇಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ! ಮೀಟರೆಂಬುದು ಬಹಳ ಸರಳವಾದ, ಗಟ್ಟಿಮುಟ್ಟಾದ ಸಾಧನ. ಅದು ಕೆಡುವುದು ಅಪರೂಪ. ಕೆಡುವುದು ಅದಕ್ಕೆ ಸುದ್ದಿ ತರುವ ತಂತಿ, ಸುದ್ದಿ ಕಳಿಸುವ ಟ್ಯಾಂಕಿನ ಘಟಕ, ಇಲ್ಲವೇ ಇವೆರಡಕ್ಕೂ ಆಧಾರವಾದ ‘ಅರ್ತ್’.

ತಂತಿಯಿಲ್ಲದ ಮೀಟರುಗಳು

ಕೆಲಸಕ್ಕೆ ಕೈ ಹಾಕುವ ಮುನ್ನ ಯಾವ ಮೀಟರಿಗೆ ತಂತಿಯುಂಟು, ಯಾವುದಕ್ಕಿಲ್ಲ ಎಂಬುದನ್ನು ತಿಳಿಯಬೇಕು. ವೇಗಮಾಪಕಕ್ಕೆ, ಎಂದರೆ ಸ್ಪೀಡೋಮೀಟರಿಗೆ, ಬೆಳಕಿನ ಬಲ್ಬಿನ ಹೊರತು ವಿದ್ಯುತ್ತಿನ ಹಂಗಿಲ್ಲ. ಗೇರ್‌ಬಾಕ್ಸಿನಿಂದ ಬರುವ ತಿರುಗುವ ಕೇಬಲ್ಲು ಅದರೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸೆಳೆತಕ್ಕೆ ಸುತ್ತಲಿನ ಅಲ್ಯುಮಿನಿಯಮ್ ಬಟ್ಟಲು ಕೂದಲಿನಂಥ ಸ್ಪ್ರಿಂಗನ್ನು ಮೀರಿ ಅಷ್ಟಿಷ್ಟು ಹೊರಳುತ್ತದೆ. ಮುಳ್ಳು ಅದಕ್ಕೆ ಅಂಟಿಕೊಂಡಿದೆ. ಹಲವು ಕಾರುಗಳಲ್ಲಿ ಎಣ್ಣೆಯ ಒತ್ತಡದ ಮೀಟರಿಗೂ ತಂತಿಯಿಲ್ಲ. ಸಪೂರವಾದ ಕೊಳವೆಯೊಂದರ ಮೂಲಕ ಎಂಜಿನ್ನಿನ ಎಣ್ಣೆಯೇ ಡ್ಯಾಶ್‌ಬೋರ್ಡಿನವರೆಗೆ ಬಂದು ತನ್ನ ಒತ್ತಡವನ್ನು ತಾನೇ ಹೇಳುತ್ತದೆ.

ಶಾಖದ ಮೀಟರಿನ ವಿಷಯದಲ್ಲಿ ಎಚ್ಚರಿಕೆ ಹೆಚ್ಚಿರಬೇಕು. ಗಡಿಯಾರದ ಅಂಗಡಿಯಾಗಿ ಲಂಡನ್ನಿನಲ್ಲಿ ಹುಟ್ಟಿ, ಮುಂದೆ ಬ್ರಿಟಿಷ್ ಕಾರುಗಳಿಗೆಲ್ಲ ಮೀಟರು ಒದಗಿಸಿದ ಸ್ಮಿತ್ಸ್ ಕಂಪನಿಯ ಹಳೆಯ ಶಾಖದ ಮೀಟರುಗಳಲ್ಲಿ ಹುರಿಯಂತೆ ಸುತ್ತಿಟ್ಟ ತೆಳು ಕೊಳವೆಯೊಂದಿರುತ್ತದೆ. ಅದರ ತುದಿಯ ಬುಡ್ಡಿಯಲ್ಲಿ ಈಥರ್ ದ್ರವವಿದೆ. ನೀರು ಕಾದಂತೆ ಈಥರ್ ಆವಿಯಾಗಿ, ಆ ಒತ್ತಡ ಮುಳ್ಳನ್ನು ಸರಿಸುತ್ತದೆ. ಈ ಕೊಳವೆಯನ್ನು ಹಳೆಯ ತಂತಿಯೆಂದು ಭಾವಿಸಿ ಕತ್ತರಿ ಹಾಕಿದರೆ ಈಥರ್ ಹಾರಿಹೋಗಿ ಮೀಟರು ಆ ಕ್ಷಣದಲ್ಲೇ ಸತ್ತಂತೆ. ತಂತಿ ಬದಲಿಸುವ ಉತ್ಸಾಹದಲ್ಲಿ ಹೀಗೆ ಬಲಿಯಾಗುವ ಅಪಾಯ ಈ ಮೀಟರಿಗೆ ಸದಾ ಉಂಟು.

ಪೆಟ್ರೋಲಿನ ಎರಡು ಭಾಷೆ

ಪೆಟ್ರೋಲು ಟ್ಯಾಂಕಿನೊಳಗೆ ಒಂದು ತೇಲುಬುರುಡೆ. ಅದರ ಕೈ ಮೇಲೇರಿ ಕೆಳಗಿಳಿದಂತೆ ವಿದ್ಯುತ್ತಿನ ಹಾದಿಯಲ್ಲಿರುವ ತಡೆ ಹೆಚ್ಚುಕಡಮೆಯಾಗುತ್ತದೆ. ಅಲ್ಲಿಂದ ಮೀಟರಿಗೆ ಒಂದೇ ತಂತಿ. ವಿದ್ಯುತ್ತು ಹಿಂದಿರುಗುವ ಹಾದಿ ಕಾರಿನ ಕಬ್ಬಿಣದ ಮೈ. ವ್ಯವಸ್ಥೆ ಇಷ್ಟೇ. ಆದರೆ ಇದರಲ್ಲಿ ಒಂದಕ್ಕೊಂದು ವಿರುದ್ಧವಾಗಿ ಮಾತಾಡುವ ಎರಡು ಬಗೆಗಳಿವೆ.

ಮೊದಲಿನ ಬಗೆಯಲ್ಲಿ ಮೀಟರಿನೊಳಗೆ ಎರಡು ತಂತಿಸುರುಳಿಗಳು ಚೂರು ಕಬ್ಬಿಣವೊಂದನ್ನು ಎರಡು ಕಡೆಯಿಂದ ಸೆಳೆಯುತ್ತವೆ. ಯಾವುದು ಗೆದ್ದರೆ ಮುಳ್ಳು ಅತ್ತ ವಾಲುತ್ತದೆ. ಕೀಲಿ ತಿರುವಿದೊಡನೆ ಮುಳ್ಳು ಚಂಗನೆ ನೆಗೆಯುತ್ತದೆ. ತಿರುವಿನಲ್ಲಿ ಪೆಟ್ರೋಲು ತುಳುಕಿದರೆ ಅದೂ ತುಳುಕುತ್ತದೆ. 1960ರ ದಶಕದಲ್ಲಿ ಬ್ರಿಟಿಷ್ ಕಾರುಗಳಲ್ಲಿ ಬಳಕೆಗೆ ಬಂದ ಎರಡನೆಯ ಬಗೆಯಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದೆ. ಅದರ ಮೇಲೆ ಸುತ್ತಿದ ಸಣ್ಣ ತಂತಿ ಕಾದಂತೆ ಪಟ್ಟಿ ಬಾಗಿ ಮುಳ್ಳನ್ನು ತಳ್ಳುತ್ತದೆ. ಈ ಮುಳ್ಳಿಗೆ ಅವಸರವಿಲ್ಲ. ಕೀಲಿ ತಿರುವಿದ ಮೇಲೆ ನಿಧಾನವಾಗಿ, ಮದುಮಗಳಂತೆ ಹೆಜ್ಜೆಯಿಟ್ಟು ಮೇಲೇರುತ್ತದೆ. ಕಾರಿನ ವರ್ಷ ನೋಡಿ ಬಗೆಯನ್ನು ನಿರ್ಧರಿಸುವುದಕ್ಕಿಂತ ಮುಳ್ಳಿನ ನಡಿಗೆ ನೋಡಿ ನಿರ್ಧರಿಸುವುದು ಲೇಸು. ಏಕೆಂದರೆ ಇಷ್ಟು ವರ್ಷಗಳಲ್ಲಿ ಯಾವ ಕಾರಿನ ಮೀಟರು ಯಾವ ಕಾರಿಗೆ ಸೇರಿದೆಯೋ ಬಲ್ಲವರಾರು?

ಈ ಭೇದ ಏಕೆ ಮುಖ್ಯವೆಂದರೆ, ಸ್ಮಿತ್ಸ್ ಮೀಟರಿನ ಮೊದಲಿನ ಬಗೆಯಲ್ಲಿ ಟ್ಯಾಂಕು ಖಾಲಿಯಾದಂತೆ ತಡೆ ಕಡಮೆಯಾಗುತ್ತದೆ. ಎರಡನೆಯದರಲ್ಲಿ ಖಾಲಿಯಾದಂತೆ ತಡೆ ಹೆಚ್ಚುತ್ತದೆ. ಟ್ಯಾಂಕಿನ ತಂತಿ ತುಂಡಾದರೆ ಎರಡನೆಯ ಬಗೆಯ ಮೀಟರು ‘ಖಾಲಿ’ ಎನ್ನುತ್ತದೆ. ಇದು ಸಜ್ಜನಿಕೆಯ ಸುಳ್ಳು. ಹೆಚ್ಚೆಂದರೆ ಚಾಲಕ ಬೇಡದಿದ್ದರೂ ಪೆಟ್ರೋಲು ಹಾಕಿಸುತ್ತಾನೆ. ಅದೇ ತಂತಿ ಮೊದಲಿನ ಬಗೆಯಲ್ಲಿ ತುಂಡಾದರೆ, ಅಥವಾ ತುಕ್ಕು ಹಿಡಿದು ಟ್ಯಾಂಕಿನ ಅರ್ತ್ ಕಡಿದರೆ, ಮುಳ್ಳು ‘ಭರ್ತಿ’ ಎಂದು ತೋರಿಸಿ ನಿಂತುಬಿಡುತ್ತದೆ. ಟ್ಯಾಂಕಿನ ತಳ ಒಣಗಿ, ಕಾರು ಊರಿಲ್ಲದ ಕಡೆ ಗೊರಗುಟ್ಟಿ ನಿಂತರೂ ಮುಳ್ಳು ಅಲ್ಲೇ ಇರುತ್ತದೆ. ಎರಡನೆಯ ಬಗೆಯಲ್ಲಿ ಈ ಕೆಟ್ಟ ಸುಳ್ಳು ಬರುವುದು ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಗಲಿದಾಗ. ಒಂದು ಬಗೆಯ ಮೀಟರಿಗೆ ಇನ್ನೊಂದು ಬಗೆಯ ಟ್ಯಾಂಕಿನ ಘಟಕವನ್ನು ಜೋಡಿಸಿದರಂತೂ ಪೆಟ್ರೋಲು ಖರ್ಚಾದಂತೆ ಮುಳ್ಳು ಮೇಲೇರುವ ವಿಚಿತ್ರವನ್ನೇ ಕಾಣಬಹುದು.

ಹತ್ತು ವೋಲ್ಟಿನ ಡಬ್ಬಿ

ಕಾಯುವ ಪಟ್ಟಿಯ ಮೀಟರಿಗೆ ಒಂದು ದೌರ್ಬಲ್ಯವಿದೆ. ಬ್ಯಾಟರಿಯ ಬಲ ಏರಿಳಿದರೆ ಮುಳ್ಳೂ ಏರಿಳಿಯುತ್ತದೆ. ಅದನ್ನು ತಪ್ಪಿಸಲು ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಪೊಟ್ಟಣದಷ್ಟು ಚಿಕ್ಕ ಲೋಹದ ಡಬ್ಬಿಯೊಂದನ್ನು ಇಟ್ಟರು. ಇದು ವಿದ್ಯುತ್ತನ್ನು ತಡೆತಡೆದು ಬಿಟ್ಟು, ಸರಾಸರಿ 10 ವೋಲ್ಟಿನಷ್ಟನ್ನು ಮಾತ್ರ ಮೀಟರುಗಳಿಗೆ ಉಣಿಸುತ್ತದೆ. ಪೆಟ್ರೋಲು, ಶಾಖ ಎರಡೂ ಮೀಟರುಗಳು ಇದೊಂದರಿಂದಲೇ ಉಣ್ಣುತ್ತವೆ. ಆದ್ದರಿಂದ ಎರಡೂ ಮುಳ್ಳುಗಳು ಒಟ್ಟಿಗೆ ಹೆಚ್ಚು ತೋರಿಸಿದರೆ, ಇಲ್ಲವೇ ಎರಡೂ ಒಟ್ಟಿಗೆ ಮಲಗಿದರೆ, ಮೀಟರುಗಳನ್ನು ಬಿಚ್ಚುವ ಶ್ರಮವೇ ಬೇಡ. ಕಳ್ಳ ಈ ಡಬ್ಬಿಯೇ, ಇಲ್ಲವೇ ಅದಕ್ಕೆ ಬರುವ ತಂತಿ. ಡಬ್ಬಿಯ ಮೈ ಕಾರಿನ ಮೈಗೆ ಸರಿಯಾಗಿ ತಗಲದಿದ್ದರೂ ಬ್ಯಾಟರಿಯ ಪೂರ್ಣ ಬಲ ಮೀಟರುಗಳಿಗೆ ನುಗ್ಗುತ್ತದೆ. ಹೊಸದಾಗಿ ಬಣ್ಣ ಹೊಡೆಸಿದ ಕಾರುಗಳಲ್ಲಿ ಈ ದೋಷಕ್ಕೆ ಬಹಳ ಅವಕಾಶವುಂಟು. ಬಣ್ಣದ ಪದರ ವಿದ್ಯುತ್ತಿಗೆ ಗೋಡೆಯಿದ್ದಂತೆ.

ಹಳೆಯ ಡಬ್ಬಿ ಸತ್ತಿದ್ದರೆ ಅದರೊಳಗಿನ ಭಾಗಗಳನ್ನು ತೆಗೆದು, 7810 ಎಂಬ ಮೂರು ಕಾಲಿನ ಎಲೆಕ್ಟ್ರಾನಿಕ್ ಬಿಡಿಭಾಗವನ್ನು ಕೂರಿಸುವ ಉಪಾಯವಿದೆ. ಅದರ ಬೆಲೆ ಅತ್ಯಲ್ಪ, ಕೊಡುವುದು ನಿಶ್ಚಲವಾದ 10 ವೋಲ್ಟು. ಆದರೆ ಇದು ಋಣ ತುದಿ ಕಾರಿನ ಮೈಗೆ ಸೇರಿದ ಕಾರುಗಳಿಗೆ ಮಾತ್ರ ನೇರವಾಗಿ ಸಲ್ಲುತ್ತದೆ ಎಂಬುದನ್ನು ಮರೆಯಬಾರದು.

ಜ್ವರ ಮುಚ್ಚಿಡುವ ಮುಳ್ಳು

ಪೆಟ್ರೋಲಿನ ಸುಳ್ಳಿನಿಂದ ಸಮಯ ಹಾಳು. ಶಾಖದ ಸುಳ್ಳಿನಿಂದ ಎಂಜಿನ್ನೇ ಹಾಳು. ವಿದ್ಯುತ್ತಿನ ಶಾಖಮೀಟರಿನಲ್ಲಿ ಎಂಜಿನ್ನಿನ ನೀರಿಗೆ ತಾಗಿದ ಒಂದು ಗುಂಡಿಯುಂಟು. ನೀರು ಕಾದಂತೆ ಅದರ ತಡೆ ಇಳಿದು, ಮುಳ್ಳು ಏರುತ್ತದೆ. ಆ ಗುಂಡಿಯ ತಂತಿ ಕಳಚಿ ಬಿದ್ದರೆ ಮೀಟರು ‘ತಣ್ಣಗಿದೆ’ ಎನ್ನುತ್ತದೆ. ತುಂಬಿದ ಸಂಸಾರವನ್ನೂ ಹಾಸಿಗೆ ಪೆಟ್ಟಿಗೆಗಳನ್ನೂ ಹೇರಿಕೊಂಡು ಎರಡನೆಯ ಗೇರಿನಲ್ಲಿ ಆಗುಂಬೆಯ ಘಾಟಿ ಏರುವ ಕಾರಿನ ನೀರು ಕುದಿಯುತ್ತಿದ್ದರೂ ಮುಳ್ಳು ಮಲಗಿಯೇ ಇದ್ದರೆ ಚಾಲಕನಿಗೆ ತಿಳಿಯುವ ಬಗೆ ಯಾವುದು? ಬಾನೆಟ್ಟಿನ ಸಂದಿನಿಂದ ಆವಿ ಹೊರಟಾಗ ತಿಳಿಯುತ್ತದೆ. ಅಷ್ಟರಲ್ಲಿ ಸಿಲಿಂಡರ್ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ಟು ಸುಟ್ಟಿರಬಹುದು.

ಇನ್ನೊಂದು ಸೂಕ್ಷ್ಮವಿದೆ. ತಂತಿ ಸರಿಯಿದ್ದರೂ ರೇಡಿಯೇಟರಿನ ನೀರೆಲ್ಲ ಸೋರಿಹೋದರೆ ಗುಂಡಿಗೆ ನೀರೇ ತಾಗದೆ ಮುಳ್ಳು ಕೆಳಗಿಳಿಯಬಹುದು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ಹಠಾತ್ತನೆ ಇಳಿದರೆ ಸಂತೋಷಪಡದೆ ಕಾರನ್ನು ನಿಲ್ಲಿಸುವುದೇ ಬುದ್ಧಿವಂತಿಕೆ. ನಿಲ್ಲಿಸಿದ ಕೂಡಲೇ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ತಲೆಕೆಳಗಾದ ಅರ್ತ್

ಹಳೆಯ ಬ್ರಿಟಿಷ್ ಕಾರುಗಳ ವಿದ್ಯುತ್ ವ್ಯವಸ್ಥೆಯೆಂದರೆ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿ. ಅವರ ದೀಪಗಳು ಕೈಕೊಡುತ್ತವೆಂದು ಇಂಗ್ಲೆಂಡಿನವರೇ ಆ ಕಂಪನಿಗೆ ‘ಕತ್ತಲೆಯ ರಾಜಕುಮಾರ’ ಎಂಬ ಬಿರುದು ಕೊಟ್ಟು ನಗುತ್ತಿದ್ದರು. ಬಿರುದು ತಮಾಷೆಯಾಗಿದೆ, ನ್ಯಾಯವಾದುದಲ್ಲ. ಅರ್ಧ ಶತಮಾನದ ಮಳೆ ಕೆಸರು ತಿಂದು ತುಕ್ಕು ಹಿಡಿದ ಅರ್ತ್ ಬೋಲ್ಟಿಗೆ ತಯಾರಕನೇನು ಮಾಡಿಯಾನು?

ಆ ಕಾರುಗಳಲ್ಲಿ 1960ರ ದಶಕದ ನಡುವಿನವರೆಗೆ, ಕೆಲವದರಲ್ಲಿ ಅದರ ನಂತರವೂ, ಬ್ಯಾಟರಿಯ ಧನ ತುದಿಯನ್ನು ಕಾರಿನ ಮೈಗೆ ಸೇರಿಸುತ್ತಿದ್ದರು. ಇಂದಿನ ಕಾರುಗಳಲ್ಲಿ ಮೈಗೆ ಸೇರುವುದು ಋಣ ತುದಿ. ಹಳೆಯ ಕಾರಿನ ಬ್ಯಾಟರಿಯನ್ನು ನೋಡದೆ ಹೊಸ ಪದ್ಧತಿಯಂತೆ ಕಟ್ಟಿದರೆ ಕಾಯುವ ಪಟ್ಟಿಯ ಮೀಟರು, ಹಳೆಯ ಡಬ್ಬಿ ಎರಡಕ್ಕೂ ಏನೂ ಆಗುವುದಿಲ್ಲ. ಆಮೀಟರು ಮಾತ್ರ ಹಿಂದುಮುಂದಾಗಿ ಮಾತಾಡುತ್ತದೆ. ರೇಡಿಯೊ, ಎಲೆಕ್ಟ್ರಾನಿಕ್ ಬಿಡಿಭಾಗಗಳು ಸುಟ್ಟುಹೋಗುತ್ತವೆ. ಧನ ಅರ್ತಿನ ಕಾರಿಗೆ ಇಂದಿನ ಮೊಬೈಲ್ ಚಾರ್ಜರನ್ನು ಸಿಕ್ಕಿಸಿದರೂ ಅದೇ ಗತಿ. ಮೊದಲು ಬ್ಯಾಟರಿಯ ಯಾವ ತುದಿಯ ದಪ್ಪ ಪಟ್ಟಿ ಕಾರಿನ ಮೈಗೆ ಹೋಗಿದೆಯೆಂದು ಕಣ್ಣಾರೆ ನೋಡಬೇಕು. ಹಿಂದಿನ ಮಾಲಿಕರು ಎಂದೋ ಬದಲಿಸಿರಲೂಬಹುದು.

ಜೀಪಿನವರಿಗೆ ಬೇರೊಂದು ತೊಡಕು. ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪಿನದು 6 ವೋಲ್ಟಿನ ಬ್ಯಾಟರಿ. ದೀಪದ ಬೆಳಕಿಗಾಗಿ ಅದನ್ನು 12 ವೋಲ್ಟಿಗೆ ಬದಲಿಸುವವರು ಬಲ್ಬುಗಳನ್ನು ಬದಲಿಸುತ್ತಾರೆ, ಮೀಟರನ್ನು ಮರೆಯುತ್ತಾರೆ. 6 ವೋಲ್ಟಿಗೆಂದು ಸುತ್ತಿದ ಸುರುಳಿಗೆ 12 ವೋಲ್ಟು ಉಣಿಸಿದರೆ ಅದು ಎಷ್ಟು ದಿನ ಬಾಳೀತು?

ಬೆಂಕಿಯ ಮೂಲ

ಎಲ್ಲಕ್ಕಿಂತ ಭಯಪಡಬೇಕಾದುದು ಆಮೀಟರಿಗೆ. ಅದನ್ನು ಇಟ್ಟುಕೊಂಡಿರುವ ಕಾರುಗಳಲ್ಲಿ, ಸ್ಟಾರ್ಟರಿನದೊಂದನ್ನು ಬಿಟ್ಟು, ಕಾರಿನ ಬಹುಪಾಲು ವಿದ್ಯುತ್ತು ಡ್ಯಾಶ್‌ಬೋರ್ಡಿನ ಹಿಂದೆ ಆ ಮೀಟರಿನೊಳಗಿಂದಲೇ ಹಾದು ಹೋಗುತ್ತದೆ. ಆ ಹಾದಿಯಲ್ಲಿ ಫ್ಯೂಸಿಲ್ಲ. ಅದರ ಹಿಂದಿನ ಒಂದು ನಟ್ಟು ಸಡಿಲವಾದರೆ ಆ ಜಾಗ ಕಾಯುತ್ತದೆ. ತಂತಿಯ ಹೊದಿಕೆ ಕರಗುತ್ತದೆ. ಬರಿ ತಂತಿ ಕಬ್ಬಿಣಕ್ಕೆ ತಗಲಿದರೆ ಬ್ಯಾಟರಿಯ ಶಕ್ತಿಯೆಲ್ಲ ಅಲ್ಲಿ ಉರಿಯಾಗುತ್ತದೆ. ಮುಂದಿನ ಸೀಟಿನಲ್ಲಿ ಕುಳಿತವರ ಮೊಣಕಾಲಿಗೂ ಆ ಜಾಗಕ್ಕೂ ಒಂದು ಗೇಣಿನ ಅಂತರ. ಈ ಕಾರಣದಿಂದಲೇ ಹಲವರು ಆಮೀಟರನ್ನು ತೆಗೆದು ವೋಲ್ಟ್‌ಮೀಟರನ್ನು ಕೂರಿಸುತ್ತಾರೆ. ಮುಖದ ಅಂದಕ್ಕಾಗಿ ಆಮೀಟರನ್ನು ಉಳಿಸಿಕೊಳ್ಳುವವರು ಅದರ ಎರಡು ದಪ್ಪ ತಂತಿಗಳನ್ನಾದರೂ ಹೊಸದಾಗಿ ಹಾಕಿಸಬೇಕು.

ಹಳೆಯ ತಂತಿಯ ಸ್ಥಿತಿ ಹೊರಗಿನಿಂದ ಕಾಣುವುದಿಲ್ಲ. ಮೇಲೆ ನೂಲಿನ ಹೆಣಿಗೆ, ಒಳಗೆ ರಬ್ಬರು. ಎಂಜಿನ್ನಿನ ಶಾಖಕ್ಕೆ ರಬ್ಬರು ಒಣಗಿ ಹಪ್ಪಳದಂತಾಗಿರುತ್ತದೆ. ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಅಂಥ ತಂತಿಗೆ ಅಲ್ಲಲ್ಲಿ ಟೇಪು ಸುತ್ತುವುದು ಹರಿದ ಪಂಚೆಗೆ ತೇಪೆ ಹಚ್ಚಿದಂತೆ. ಇಡೀ ಕಟ್ಟನ್ನೇ ಬದಲಿಸುವುದು ಮೇಲು.

ಬದಲಿಸುವವರಿಗೆ ಲೂಕಾಸಿನವರ ಬಣ್ಣದ ಕಟ್ಟಳೆ ದೊಡ್ಡ ಉಪಕಾರ. ಕಂದು ಬ್ಯಾಟರಿಯಿಂದ ನೇರವಾಗಿ ಬರುವ, ಫ್ಯೂಸಿಲ್ಲದ ತಂತಿ. ಬಿಳಿ ಕೀಲಿ ತಿರುವಿದಾಗ ಜೀವ ಬರುವುದು. ಹಸಿರು ಅದೇ ವಿದ್ಯುತ್ತು, ಆದರೆ ಫ್ಯೂಸನ್ನು ದಾಟಿ ಬಂದದ್ದು. ಮೀಟರುಗಳಿಗೆ ಸಲ್ಲುವುದು ಇದೇ. ಹಸಿರಿನ ಮೇಲೆ ಕಪ್ಪು ಗೆರೆಯಿದ್ದರೆ ಪೆಟ್ರೋಲು ಟ್ಯಾಂಕಿಗೆ, ನೀಲಿ ಗೆರೆಯಿದ್ದರೆ ಶಾಖದ ಗುಂಡಿಗೆ. ಕೆಂಪು ಸಣ್ಣ ದೀಪಗಳಿಗೆ. ಬರಿ ಕಪ್ಪು ಅರ್ತ್. ಸಿಕ್ಕಿದ ಬಣ್ಣದ ತಂತಿಯನ್ನು ಸಿಕ್ಕಲ್ಲಿಗೆ ಹಾಕಿದರೆ ಇಂದಿನ ಕೆಲಸವೇನೋ ನಡೆದೀತು. ಹತ್ತು ವರ್ಷದ ಮೇಲೆ ದೋಷ ಹುಡುಕುವ ಮೆಕ್ಯಾನಿಕ್ ಶಪಿಸುತ್ತಾನೆ. ಮೀಟರುಗಳಿಗೆ 1 ಚದರ ಮಿಲಿಮೀಟರಿನ ತಂತಿ ಧಾರಾಳವಾಗಿ ಸಾಕು. ಆಮೀಟರಿನ ಕಂದು ತಂತಿ ಅದರ ಹಲವು ಪಟ್ಟು ದಪ್ಪವಿರಬೇಕು.

ಫ್ಯೂಸಿನಲ್ಲಿಯೂ ಒಂದು ಬಲೆಯಿದೆ. ಹಳೆಯ ಗಾಜಿನ ಫ್ಯೂಸಿನ ಮೇಲೆ ಲೂಕಾಸಿನವರು 35 ಎಂದು ಬರೆದದ್ದು ಅದು ಸುಡುವ ಆಂಪಿಯರ್ ಲೆಕ್ಕ. ಅದು ಸದಾ ಹೊರಬಲ್ಲದ್ದು ಅದರ ಅರ್ಧದಷ್ಟು ಮಾತ್ರ. ಇಂದಿನ ಹಲವು ಫ್ಯೂಸುಗಳ ಮೇಲೆ ಬರೆಯುವುದು ಹೊರಬಲ್ಲ ಲೆಕ್ಕ. ಸಂಖ್ಯೆ ನೋಡಿ ಇಂದಿನ 35ನ್ನು ಹಾಕಿದವರು ಫ್ಯೂಸಿಗೆ ಬದಲು ತಂತಿಯನ್ನೇ ಸುಡಲು ಏರ್ಪಾಡು ಮಾಡಿದಂತಾಯಿತು.

ಕೆಲಸದ ಕ್ರಮ

ಬ್ಯಾಟರಿಯ ಅರ್ತ್ ಪಟ್ಟಿಯನ್ನು ಬಿಚ್ಚಿದ ಹೊರತು ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಲಾಗದು. ಬಿಚ್ಚಿದ ಮೇಲೆ ಮೊದಲ ಕೆಲಸ ಛಾಯಾಚಿತ್ರ ತೆಗೆಯುವುದು, ಪ್ರತಿಯೊಂದು ತಂತಿಗೂ ಚೀಟಿ ಕಟ್ಟುವುದು. ಎಲ್ಲವನ್ನೂ ಒಮ್ಮೆಗೇ ಕಿತ್ತು ರಾಶಿ ಹಾಕುವವರಿಗೆ ಮತ್ತೆ ಜೋಡಿಸುವ ದಿನ ಬರುವುದು ಕಷ್ಟ. ಒಂದನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ಹಾಕಿ, ಮತ್ತೊಂದಕ್ಕೆ ಹೋಗುವುದು ನಿಧಾನವಾದರೂ ಖಚಿತವಾದ ದಾರಿ. ಎಂಜಿನ್ನಿನ ಕಡೆಯಿಂದ ಒಳಕ್ಕೆ ತಂತಿ ತೂರುವ ತಗಡಿನ ತೂತಿಗೆ ರಬ್ಬರಿನ ಬಳೆ ತಪ್ಪದೆ ಇರಬೇಕು. ತಗಡಿನ ಅಂಚು ಚಾಕುವಿನಂತೆ ತಂತಿಯನ್ನು ಕೊಯ್ಯುತ್ತದೆ.

ಮರದ ಡ್ಯಾಶ್‌ಬೋರ್ಡು ಕೂರಿಸಿದವರು, ತಗಡಿಗೆ ದಪ್ಪ ಬಣ್ಣ ಬಳಿಸಿದವರು, ಪ್ರತಿ ಮೀಟರಿನ ಮೈಯಿಂದಲೂ ಕಪ್ಪು ತಂತಿಯೊಂದನ್ನು ಎಳೆದು ಕಾರಿನ ಬರಿ ಕಬ್ಬಿಣಕ್ಕೆ ಬಿಗಿಯಬೇಕು. ದೊಡ್ಡ ದೀಪ ಹಾಕಿದೊಡನೆ ಪೆಟ್ರೋಲಿನ ಮುಳ್ಳು ಸರಿದಾಡುತ್ತಿದ್ದರೆ ಈ ಅರ್ತ್ ದುರ್ಬಲವೆಂದೇ ಅರ್ಥ. ಟ್ಯಾಂಕಿನ ಘಟಕಕ್ಕೂ ಪ್ರತ್ಯೇಕವಾದ ಅರ್ತ್ ತಂತಿ ಕೊಟ್ಟರೆ ನಷ್ಟವಿಲ್ಲ. ಅಲ್ಲಿ ಮಾತ್ರ ಒಂದು ಕಿಡಿಯೂ ಹಾರಬಾರದು. ಬ್ಯಾಟರಿ ಬಿಚ್ಚಿರಬೇಕು, ಬೀಡಿ ಸಿಗರೇಟಿನ ಸ್ನೇಹಿತರು ದೂರವಿರಬೇಕು.

ಎಲ್ಲ ಮುಗಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಸೇರಿಸುವ ಬದಲು ಅದರ ಹಾದಿಯಲ್ಲಿ 21 ವಾಟಿನ ಬ್ರೇಕ್ ದೀಪದ ಬಲ್ಬೊಂದನ್ನು ಇಟ್ಟು ನೋಡುವುದು ಅನುಭವಿಗಳ ಜಾಣತನ. ಎಲ್ಲ ಸ್ವಿಚ್ಚುಗಳೂ ಮುಚ್ಚಿರುವಾಗ ಆ ಬಲ್ಬು ಪೂರ್ಣವಾಗಿ ಬೆಳಗಿದರೆ ಎಲ್ಲೋ ತಂತಿ ಮೈಗೆ ತಗಲಿದೆ. ಬಲ್ಬು ಬೆಳಗುತ್ತದೆಯೇ ಹೊರತು ಏನೂ ಸುಡುವುದಿಲ್ಲ.

ಇನ್ನುಳಿದದ್ದು ಮುಳ್ಳುಗಳ ಪರೀಕ್ಷೆ. ಶಾಖದ ಗುಂಡಿಯನ್ನು ಬಿಚ್ಚಿ, ತಂತಿಗೂ ಅರ್ತಿಗೂ ಸೇರಿಸಿಕೊಂಡೇ ಬಿಸಿನೀರಿನ ಪಾತ್ರೆಯಲ್ಲಿ ಥರ್ಮಾಮೀಟರಿನ ಜೊತೆಗೆ ಇಳಿಬಿಟ್ಟರೆ ಮುಳ್ಳಿನ ಮಾತು ಎಷ್ಟು ನಿಜವೆಂದು ತಿಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆಂಬುದು ನೆನಪಿರಲಿ. ಪೆಟ್ರೋಲಿನ ಪರೀಕ್ಷೆಗೆ ತಾಳ್ಮೆ ಬೇಕು. ಟ್ಯಾಂಕು ಬರಿದಾದ ಸ್ಥಿತಿಯಿಂದ ತೊಡಗಿ, ಬಂಕಿನಲ್ಲಿ 5 ಲೀಟರಿನಂತೆ ಹಾಕಿಸಿ, ಪಂಪಿನಿಂದ ದೂರ ಸಮತಟ್ಟಾದ ಜಾಗಕ್ಕೆ ಬಂದು, ಕೀಲಿ ತಿರುವಿ ಎರಡು ನಿಮಿಷ ಕಾದು, ಮುಳ್ಳು ನಿಂತ ಜಾಗವನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಟ್ಯಾಂಕಿನ ಆಕಾರ ಒಂದೇ ಸಮನಾಗಿಲ್ಲವಾದ್ದರಿಂದ ಮುಳ್ಳಿನ ‘ಅರ್ಧ’ ನಿಜವಾದ ಅರ್ಧವಾಗಿರಬೇಕೆಂದಿಲ್ಲ. ಆ ಚೀಟಿಯನ್ನು ಕಾರಿನ ಕಾಗದಪತ್ರಗಳ ಜೊತೆಗೆ ಇಟ್ಟರೆ, ಮುಂದೆ ಆ ಕಾರನ್ನು ಓಡಿಸುವವರಿಗೆ ಮುಳ್ಳು ತಳ ಮುಟ್ಟಿದಾಗ ಎಷ್ಟು ಲೀಟರು ಉಳಿದಿರುತ್ತದೆಂಬ ಲೆಕ್ಕ ಸಿದ್ಧವಾಗಿ ಸಿಗುತ್ತದೆ.